ಬ್ಲಡ್ ಅಗರ್ ಮೇಲಿನ ಉಂಗುರ ಓದುವ ಬಗೆ

ರಕ್ತ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಬೆಳೆದ ಪ್ಲೇಟನ್ನು ಮೇಜಿನ ಮೇಲಿಟ್ಟು, ಮೇಲಿನಿಂದ ಒಮ್ಮೆ ಕಣ್ಣಾಡಿಸಿ, ರಿಜಿಸ್ಟರಿನಲ್ಲಿ ‘ಬೀಟಾ’ (ರಕ್ತಕಣ ಪೂರ್ತಿ ಒಡೆದ ತಿಳಿ ಉಂಗುರ) ಎಂದು ಗೀಚಿಬಿಡುವುದು ಮೈಕ್ರೊಬಯಾಲಜಿ ಲ್ಯಾಬಿಗೆ ಹೊಸದಾಗಿ ಬಂದವರ ಅಭ್ಯಾಸ. ನಾನೂ ಹಾಗೆಯೇ ಶುರು ಮಾಡಿದವನು. ಗಂಟಲಿನ ಸ್ವ್ಯಾಬಿನಿಂದ ಬೆಳೆದ ಕಾಲೊನಿಯ ಸುತ್ತ ಒಳ್ಳೆ ತಿಳಿ ಉಂಗುರ ಕಂಡು ‘ಬೀಟಾ ಸ್ಟ್ರೆಪ್’ ಎಂದು ಬರೆದಿದ್ದೆ. ಹಿರಿಯ ಟೆಕ್ನಿಷಿಯನ್ ಒಬ್ಬರು ಏನೂ ಹೇಳದೆ ಪ್ಲೇಟನ್ನು ಎತ್ತಿ ಮೈಕ್ರೊಸ್ಕೋಪಿನ ಕೆಳಗಿಟ್ಟು, ‘ಈಗ ನೋಡು’ ಅಂದರು. ಕಾಲೊನಿಗೆ ಒತ್ತಿಕೊಂಡ ಹಾಗೆ ಒಡೆಯದ ರಕ್ತಕಣಗಳ ತೆಳು ಪಟ್ಟಿಯೊಂದಿತ್ತು. ಅದರಾಚೆಗೆ ಮಾತ್ರ ಕಣಗಳು ಕರಗಿದ್ದವು. ಅದು ಬೀಟಾ ಅಲ್ಲ, ಆಲ್ಫಾ ಪ್ರೈಮ್. ಬಾಯಲ್ಲಿ ಸದಾ ವಾಸಿಸುವ ಸಾಧು ಸ್ಟ್ರೆಪ್ಟೊಕಾಕಸ್ಸಿಗೆ ನಾನು ರೋಗಕಾರಕದ ಪಟ್ಟ ಕಟ್ಟಿದ್ದೆ.

ಅಂದು ಅರ್ಥವಾಗಿದ್ದು ಇಷ್ಟು: ಉಂಗುರ ಯಾವುದೋ ಒಂದು ವಿಷದ ಸಹಿ ಅಲ್ಲ. ಬ್ಯಾಕ್ಟೀರಿಯಾ ಏನನ್ನು ಸುರಿಸಿತು ಎಂಬುದರ ಜೊತೆಗೆ, ರಕ್ತ ಯಾವ ಪ್ರಾಣಿಯದು, ಪ್ಲೇಟಿಗೆ ಗಾಳಿ ಎಷ್ಟು ಸಿಕ್ಕಿತು ಎಂಬುದೂ ಅದರಲ್ಲಿ ಬೆರೆತಿರುತ್ತದೆ. ಇವನ್ನು ಬಿಡಿಸಿಕೊಂಡು ಓದುವುದನ್ನು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ, ಲ್ಯಾಬ್ ಟ್ರೈನಿಗಳಿಗೆ ಈ ಬರಹ.

ಕಣ ಒಡೆಯುವುದು ಹೇಗೆ

ಇದನ್ನು ಹಾರಿಸಿ ನೇರವಾಗಿ ಪ್ಲೇಟಿಗೆ ಹೋಗಬೇಡಿ. ಒಳಗಿನ ಕೆಲಸ ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಬಾಯಿಪಾಠವಾಗುತ್ತದೆ.

ಕೆಂಪು ರಕ್ತಕಣ ಅಡ್ಡಳತೆಯಲ್ಲಿ 7–8 ಮೈಕ್ರೊಮೀಟರಿನ ಒಂದು ಚೀಲ. ಒಳಗೆ ಹಿಮೊಗ್ಲೋಬಿನ್ ಕಿಕ್ಕಿರಿದಿರುತ್ತದೆ, ನ್ಯೂಕ್ಲಿಯಸ್ ಇಲ್ಲ. ಪೊರೆಗೆ ತೂತು ಬಿದ್ದರೆ ಬೇರೆ ಜೀವಕೋಶಗಳು ಹರಿದ ಜಾಗವನ್ನು ಕಿತ್ತೊಗೆದೋ ಹೊಸ ಪೊರೆ ತಂದು ತೇಪೆ ಹಾಕಿಯೋ ಒಂದಷ್ಟು ಸಂಭಾಳಿಸುತ್ತವೆ. ರಕ್ತಕಣದ ಬಳಿ ಅಂಥ ಸಲಕರಣೆ ಬಹಳ ಕಡಿಮೆ. ರಂಧ್ರ ಕೊರೆಯುವ ವಿಷಗಳ ಕೆಲಸವನ್ನು ಕಣ್ಣಾರೆ ಕಾಣಲು ಅದಕ್ಕಿಂತ ಸುಲಭದ ಬಲಿ ಇಲ್ಲ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಸುರಿಸುವ ಆಲ್ಫಾ ಟಾಕ್ಸಿನ್ ತೆಗೆದುಕೊಳ್ಳಿ. 293 ಅಮೈನೊ ಆಮ್ಲಗಳ ಒಂಟಿ ಪ್ರೋಟೀನಾಗಿ ಹೊರಬೀಳುತ್ತದೆ, ನೀರಿನಲ್ಲಿ ಆರಾಮಾಗಿ ಕರಗಿರುತ್ತದೆ. ಕಣದ ಪೊರೆ ಸಿಕ್ಕೊಡನೆ ಅಂಟಿಕೊಳ್ಳುತ್ತದೆ, ಅಕ್ಕಪಕ್ಕದವು ಸೇರಿ ಏಳರ ಬಳೆಯಾಗುತ್ತವೆ. ಆಮೇಲೆ ಪ್ರತಿಯೊಂದೂ ತನ್ನೊಳಗೆ ಮಡಿಚಿಟ್ಟಿದ್ದ ಒಂದು ಎಳೆಯನ್ನು ಬಿಚ್ಚಿ ಪೊರೆಯೊಳಕ್ಕೆ ಇಳಿಸುತ್ತದೆ. 1996ರಲ್ಲಿ ಇದರ ರಚನೆ ಬಯಲಾದಾಗ ಕಂಡದ್ದು ಥೇಟ್ ಅಣಬೆ: ಟೋಪಿ ಹೊರಗೆ, ಕಾಂಡ ಪೊರೆಯೊಳಗೆ, ಕಾಂಡದ ನಡುವೆ ಕೊಳವೆ. ಕೊಳವೆಯ ತೀರಾ ಇಕ್ಕಟ್ಟಾದ ಜಾಗ ಸುಮಾರು 1.4 ನ್ಯಾನೊಮೀಟರ್.

ಅಷ್ಟು ಸಣ್ಣ ತೂತಿನಲ್ಲಿ ಹಿಮೊಗ್ಲೋಬಿನ್ ಹೊರಬರುವುದಿಲ್ಲ. ಅದರ ಗಾತ್ರವೇ 5–6 ನ್ಯಾನೊಮೀಟರ್. ಹಾಗಿದ್ದರೆ ಕಣ ಒಡೆಯುವುದು ಯಾಕೆ? ಉಪ್ಪಿನ ಅಯಾನುಗಳು ಆ ತೂತಿನಲ್ಲಿ ಒಳಗೂ ಹೊರಗೂ ಓಡಾಡಿ ಎರಡೂ ಕಡೆ ಸಮವಾಗಿಬಿಡುತ್ತವೆ. ಒಳಗೇ ಸಿಕ್ಕಿಬಿದ್ದ ಹಿಮೊಗ್ಲೋಬಿನ್ ಮಾತ್ರ ನೀರನ್ನು ಎಳೆಯುತ್ತಲೇ ಇರುತ್ತದೆ. ಕಣ ಉಬ್ಬಿ ಉಬ್ಬಿ ಕೊನೆಗೆ ಬಿರಿಯುತ್ತದೆ. ತೂತು ಕೊರೆದದ್ದು ವಿಷ, ಒಡೆದದ್ದು ನೀರು. ಹೊರಗಿನ ದ್ರಾವಣಕ್ಕೆ ರಂಧ್ರದಲ್ಲಿ ತೂರಲಾರದಷ್ಟು ದೊಡ್ಡ ಡೆಕ್ಸ್ಟ್ರಾನ್ ಅಣುಗಳನ್ನು ಸೇರಿಸಿದರೆ, ತೂತುಗಳು ಇದ್ದಹಾಗೇ ಇದ್ದರೂ ಕಣ ಒಡೆಯುವುದಿಲ್ಲ. ಯಾವ ಗಾತ್ರದ ಅಣು ಕಣವನ್ನು ಉಳಿಸುತ್ತದೆ ಎಂದು ನೋಡಿಯೇ ರಂಧ್ರದ ಅಗಲವನ್ನು ಅಂದಾಜು ಮಾಡುತ್ತಿದ್ದರು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಜಾಣ ಪ್ರಯೋಗ ಅನ್ನಿಸಿದ್ದು ಇದು.

ಎರಡನೆಯ ಕುಟುಂಬ ದೊಡ್ಡ ತೂತು ಕೊರೆಯುವವರದು: ಸ್ಟ್ರೆಪ್ಟೊಲೈಸಿನ್ ಓ, ನ್ಯುಮೊಲೈಸಿನ್, ಲಿಸ್ಟೀರಿಯೊಲೈಸಿನ್ ಓ, ಪರ್ಫ್ರಿಂಗೊಲೈಸಿನ್ ಓ. ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಮಾತ್ರ ಇವುಗಳ ಆಟ ನಡೆಯುತ್ತದೆ. ಏಳಲ್ಲ, 30ರಿಂದ 50 ಪ್ರೋಟೀನುಗಳು ಒಟ್ಟುಗೂಡಿ 25–30 ನ್ಯಾನೊಮೀಟರ್ ಅಗಲದ ಬಾಗಿಲನ್ನೇ ತೆರೆಯುತ್ತವೆ. ಅದರಲ್ಲಿ ಹಿಮೊಗ್ಲೋಬಿನ್ ಸಲೀಸಾಗಿ ಹೊರನಡೆಯುತ್ತದೆ.

ಮೂರನೆಯ ಗುಂಪಿಗೆ ರಂಧ್ರದ ಗೊಡವೆಯೇ ಇಲ್ಲ. ಸ್ಟ್ಯಾಫಿನ ಬೀಟಾ ಟಾಕ್ಸಿನ್ ಒಂದು ಕಿಣ್ವ. ಪೊರೆಯ ಸ್ಫಿಂಗೊಮೈಲಿನ್ ಎಂಬ ಕೊಬ್ಬನ್ನು ಕತ್ತರಿಸುತ್ತದೆ, ಅಷ್ಟೇ. ಪ್ಲೇಟಿನ ಮೇಲೆ ಇದೂ ಉಂಗುರವಾಗಿಯೇ ಕಾಣುತ್ತದೆ, ತೊಡಕಿರುವುದು ಅಲ್ಲಿ.

ಮೊದಲ ಹೆಜ್ಜೆ: ಪ್ಲೇಟನ್ನೇ ಅನುಮಾನಿಸಿ

ಬೀಜ ಬಿತ್ತುವ ಮುನ್ನ ನೆಲ ನೋಡಬೇಕು. ರೂಢಿಯ ಪ್ಲೇಟಿನಲ್ಲಿ 5% ಕುರಿ ರಕ್ತವಿರುತ್ತದೆ, ಹೆಪ್ಪುಗಟ್ಟಿಸುವ ಫೈಬ್ರಿನ್ ತೆಗೆದದ್ದು. ಬೇಸ್ ಅಗರ್ 45–50 ಡಿಗ್ರಿ ಸೆಲ್ಸಿಯಸ್‌ಗೆ ಆರಿದ ಮೇಲೆ ರಕ್ತ ಸೇರಿಸಬೇಕು. ಬಿಸಿ ಹೆಚ್ಚಿದ್ದರೆ ಕಣಗಳು ಅಲ್ಲೇ ಒಡೆದು ಇಡೀ ಪ್ಲೇಟು ಕಂದು ಬಣ್ಣಕ್ಕೆ ತಿರುಗುತ್ತದೆ. ಚಾಕೊಲೇಟ್ ಅಗರ್ ಎಂದು ಅದಕ್ಕೆ ಬೇರೆಯೇ ಬಳಕೆ ಇದೆ, ಆದರೆ ಅದರ ಮೇಲೆ ಹೀಮೋಲಿಸಿಸ್ (ರಕ್ತಕಣ ಒಡೆಯುವಿಕೆ) ಓದಲು ಹೋಗಬೇಡಿ. ಅಗರ್ ಸುಮಾರು 4 ಮಿಲಿಮೀಟರ್ ದಪ್ಪವಿರಲಿ. ತೀರಾ ತೆಳುವಾದರೆ ಎಲ್ಲ ಉಂಗುರಗಳೂ ತಿಳಿಯಾಗಿ ಕಾಣುತ್ತವೆ, ದಪ್ಪವಾದರೆ ನಿಜವಾದ ಬೀಟಾ ಕೂಡ ಮಬ್ಬಾಗುತ್ತದೆ.

ಬೇಸ್ ಡಬ್ಬಿಯ ಲೇಬಲ್ ಓದಿ. ಗ್ಲೂಕೋಸ್ ಇರುವ ಬೇಸ್ ಬೇಡ. ಸ್ಟ್ರೆಪ್ಟೊಕಾಕಸ್ ಅದನ್ನು ತಿಂದು ಆಮ್ಲ ಮಾಡುತ್ತದೆ, ಆಮ್ಲ ಹೆಚ್ಚಾದಲ್ಲಿ ಬೀಟಾ ಉಂಗುರ ಮಂಕಾಗಿ ಹಸಿರು ಹಸಿರಾಗಿ ಕಾಣಬಹುದು.

ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಮಾನವ ರಕ್ತವನ್ನು ಸುರಿದು ಪ್ಲೇಟ್ ಮಾಡುವ ಪದ್ಧತಿ ಹಲವೆಡೆ ಇದೆ. ಖರ್ಚು ಉಳಿಯುತ್ತದೆ ನಿಜ, ಆದರೆ ನಾನು ಅದರ ಪರವಾಗಿಲ್ಲ. ದಾನಿಯ ರಕ್ತದಲ್ಲಿ ಸ್ಟ್ರೆಪ್ಟೊಲೈಸಿನ್ ಓ ವಿರುದ್ಧದ ಪ್ರತಿಕಾಯಗಳಿರಬಹುದು, ಆತ ನುಂಗಿದ ಆ್ಯಂಟಿಬಯೊಟಿಕ್‌ನ ಉಳಿಕೆ ಇರಬಹುದು, ರಕ್ತ ಹೆಪ್ಪುಗಟ್ಟದಂತೆ ಚೀಲಕ್ಕೆ ಹಾಕಿದ ಸಿಟ್ರೇಟ್ ಬೇರೆ. ಪ್ಲೇಟ್ ಸುರಿಯುವವರಿಗೆ ಸೋಂಕಿನ ಅಪಾಯವೂ ಇದೆ.

ಪ್ರತಿ ಹೊಸ ಬ್ಯಾಚಿನ ಒಂದು ಪ್ಲೇಟಿನಲ್ಲಿ ಗೊತ್ತಿರುವ ತಳಿಗಳನ್ನು ಬೆಳೆಸಿ ನೋಡಿ. ಬೀಟಾಗೆ ಸ್ಟ್ರೆಪ್ಟೊಕಾಕಸ್ ಪಯೋಜೆನೀಸ್, ಆಲ್ಫಾಗೆ ನ್ಯುಮೊಕಾಕಸ್. ಇವೇ ಸರಿಯಾಗಿ ಕಾಣದಿದ್ದರೆ ಆ ಬ್ಯಾಚು ಬುಟ್ಟಿಗೆ.

ಎರಡನೆಯ ಹೆಜ್ಜೆ: ಗೀರಿ, ಚುಚ್ಚಿ

ಲೂಪಿನಲ್ಲಿ ಎಂದಿನಂತೆ ನಾಲ್ಕು ಭಾಗವಾಗಿ ಗೀರಿ. ಬಿಡಿ ಕಾಲೊನಿ ಬರಲೇಬೇಕು. ಹಿಂಡುಗಟ್ಟಿ ಬೆಳೆದ ಜಾಗದಲ್ಲಿ ಯಾರ ಉಂಗುರ ಯಾರದೆಂದು ದೇವರೇ ಹೇಳಬೇಕು. ಗೀರಿ ಮುಗಿದ ಮೇಲೆ ಅದೇ ಲೂಪನ್ನು ಓರೆಯಾಗಿ ಹಿಡಿದು ಅಗರ್ ಒಳಕ್ಕೆ ಎರಡು ಮೂರು ಕಡೆ ಚುಚ್ಚಿ.

ಈ ಚುಚ್ಚುವಿಕೆಯನ್ನು ಬಹಳ ಜನ ಮರೆಯುತ್ತಾರೆ, ಯಾಕೆ ಎಂದು ಕೇಳಿದರೆ ‘ಪ್ರೊಸೀಜರ್‌ನಲ್ಲಿದೆ’ ಎನ್ನುತ್ತಾರೆ. ಕಾರಣ ಹೀಗಿದೆ. ಎ ಗುಂಪಿನ ಸ್ಟ್ರೆಪ್ (ಸ್ಟ್ರೆಪ್ಟೊಕಾಕಸ್ ಪಯೋಜೆನೀಸ್) ರಕ್ತಕಣ ಒಡೆಯುವ ಎರಡು ಹೀಮೋಲೈಸಿನ್‌ಗಳನ್ನು ಮಾಡುತ್ತದೆ. ಸ್ಟ್ರೆಪ್ಟೊಲೈಸಿನ್ ಎಸ್ ಆಮ್ಲಜನಕಕ್ಕೆ ಜಗ್ಗುವುದಿಲ್ಲ, ಅಗರ್ ಮೇಲ್ಮೈಯಲ್ಲಿ ನಾವು ಕಾಣುವ ಉಂಗುರ ಬಹುಪಾಲು ಅದರದ್ದೇ. ಸ್ಟ್ರೆಪ್ಟೊಲೈಸಿನ್ ಓ ಆಮ್ಲಜನಕ ತಾಗಿದರೆ ಸೋಲುತ್ತದೆ, ಆ ‘ಓ’ ಅಕ್ಷರ ಬಂದದ್ದೂ ಅಲ್ಲಿಂದಲೇ. ಎಸ್ ತಯಾರಿಸದ ತಳಿಯೊಂದು ಕೈಗೆ ಸಿಕ್ಕರೆ ಮೇಲ್ಮೈಯಲ್ಲಿ ಉಂಗುರವೇ ಕಾಣದು. ಗಾಳಿ ತಲುಪದ ಚುಚ್ಚಿನ ಆಳದಲ್ಲಿ ಮಾತ್ರ ಓ ತನ್ನ ಕೆಲಸ ತೋರಿಸುತ್ತದೆ.

ಇನ್ನೊಂದು ವ್ಯತ್ಯಾಸ ಇಲ್ಲೇ ಹೇಳಿಬಿಡುತ್ತೇನೆ. ಎಸ್ ತೀರಾ ಸಣ್ಣ ಪೆಪ್ಟೈಡ್, ದೇಹ ಅದರ ವಿರುದ್ಧ ಪ್ರತಿಕಾಯ ಮಾಡುವುದಿಲ್ಲ. ಓ ವಿರುದ್ಧ ಮಾಡುತ್ತದೆ. ಗಂಟಲು ನೋವು ಬಂದು ಹೋದ ಕೆಲವು ವಾರಗಳ ಮೇಲೆ ರುಮ್ಯಾಟಿಕ್ ಜ್ವರದ ಶಂಕೆಯಲ್ಲಿ ಬರೆಸುವ ಎ.ಎಸ್.ಓ. ಟೈಟರ್ ಎಂಬ ರಕ್ತಪರೀಕ್ಷೆ ಅಳೆಯುವುದು ಆ ಪ್ರತಿಕಾಯವನ್ನೇ.

35–37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡಿ. ನ್ಯುಮೊಕಾಕಸ್ ಶಂಕೆಯಿದ್ದರೆ 5% ಇಂಗಾಲದ ಡೈಆಕ್ಸೈಡ್ ಬೇಕು. ಯಾವ ಗಾಳಿಯಲ್ಲಿ ಇಟ್ಟಿರಿ ಎಂಬುದನ್ನು ಪ್ಲೇಟಿನ ಬೆನ್ನ ಮೇಲೆ ಬರೆಯಿರಿ. ನಾಳೆ ಬೆಳಗ್ಗೆ ಓದುವವರು ನೀವೇ ಆಗಿರಬೇಕೆಂದಿಲ್ಲ.

ಮೂರನೆಯ ಹೆಜ್ಜೆ: ಬೆಳಕಿಗೆ ಹಿಡಿಯಿರಿ

ಮೇಜಿನ ಮೇಲಿಟ್ಟು ನೋಡಿದರೆ ಸಾಲದು. ಬೆಳಕು ಪ್ಲೇಟಿನ ಹಿಂದಿನಿಂದ ಬರಬೇಕು, ಕಣ್ಣು ಮುಂದಿನಿಂದ ನೋಡಬೇಕು. ಮೂಸಿ ನೋಡುವ ಹಳೆಯ ಚಾಳಿ ಇದ್ದರೆ ಬಿಟ್ಟುಬಿಡಿ. ಮೂಸಿದ್ದು ಏನೆಂದು ಗೊತ್ತಾಗುವ ಹೊತ್ತಿಗೆ ಸೋಂಕು ತಗುಲಿಸಿಕೊಂಡವರಿದ್ದಾರೆ.

ಕಾಲೊನಿಯ ಸುತ್ತ ಹಸಿರು ಛಾಯೆ, ಏಟು ಬಿದ್ದ ಚರ್ಮ ನಾಲ್ಕು ದಿನದ ಮೇಲೆ ಹಸಿರುಗಟ್ಟುತ್ತದಲ್ಲ, ಹೆಚ್ಚುಕಡಿಮೆ ಆ ಬಣ್ಣ: ಅದು ಆಲ್ಫಾ. ಇಲ್ಲಿ ಕಣಗಳು ಕರಗಿ ಹೋಗಿರುವುದಿಲ್ಲ. ಬ್ಯಾಕ್ಟೀರಿಯಾ ಬಿಡುವ ಹೈಡ್ರೊಜನ್ ಪೆರಾಕ್ಸೈಡ್ ಹಿಮೊಗ್ಲೋಬಿನ್ನನ್ನು ಉತ್ಕರ್ಷಿಸಿ ಬಣ್ಣಗೆಡಿಸಿರುತ್ತದೆ. ಅಂದರೆ ಆಲ್ಫಾ ಹೀಮೋಲಿಸಿಸ್ ಎಂಬುದು ಹೀಮೋಲಿಸಿಸ್ಸೇ ಅಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ. ಪೆರಾಕ್ಸೈಡ್ ಆಗಲು ಆಮ್ಲಜನಕ ಬೇಕಲ್ಲ, ಹಾಗಾಗಿ ಅದೇ ನ್ಯುಮೊಕಾಕಸ್ಸನ್ನು ಗಾಳಿಯಿಲ್ಲದ ಜಾರಿನಲ್ಲಿ ಬೆಳೆಸಿದರೆ ಹಸಿರು ಮಾಯವಾಗುತ್ತದೆ, ನ್ಯುಮೊಲೈಸಿನ್ ಬಲದಿಂದ ಬೀಟಾ ಉಂಗುರವೇ ಮೂಡಬಹುದು. ಒಂದೇ ಜೀವಿ, ಎರಡು ಉಂಗುರ. ಬದಲಾದದ್ದು ಗಾಳಿ.

ಅಕ್ಷರ ಓದುವಷ್ಟು ಪೂರ್ತಿ ತಿಳಿಯಾಗಿದ್ದರೆ ಬೀಟಾ. ಪ್ಲೇಟಿನ ಹಿಂದೆ ಪತ್ರಿಕೆಯ ತುಂಡು ಹಿಡಿದು ನೋಡಿ. ಏನೂ ಬದಲಾಗದಿದ್ದರೆ ಗಾಮಾ. ‘ಗಾಮಾ ಹೀಮೋಲಿಸಿಸ್’ ಎಂದು ಬರೆಯುವುದಕ್ಕಿಂತ ‘ಹೀಮೋಲಿಸಿಸ್ ಇಲ್ಲ’ ಎಂದು ಬರೆಯುವುದು ನನಗಿಷ್ಟ, ಇಲ್ಲದ್ದಕ್ಕೆ ಗ್ರೀಕ್ ಹೆಸರು ಯಾಕೆ? ಷಾಟ್‌ಮ್ಯುಲರ್ 1903ರಲ್ಲಿ ರಕ್ತ ಬೆರೆತ ಅಗರ್ ಬಳಸಿ ಸ್ಟ್ರೆಪ್ಟೊಕಾಕಸ್‌ಗಳನ್ನು ಬೇರ್ಪಡಿಸಿದರು, ಬ್ರೌನ್ 1919ರಲ್ಲಿ ಈ ಗ್ರೀಕ್ ಅಕ್ಷರಗಳ ವಿಂಗಡಣೆಯನ್ನು ಗಟ್ಟಿಗೊಳಿಸಿದರು. ಅಂದಿನಿಂದ ನಾವು ಅದರಲ್ಲೇ ಇದ್ದೇವೆ.

ಸಂದೇಹ ಬಂದರೆ ಎರಡು ಕೆಲಸ. ಒಂದು, ಮುಚ್ಚಳ ಮುಚ್ಚಿ ಪ್ಲೇಟನ್ನು ಬೋರಲು ಹಾಕಿ ಮೈಕ್ರೊಸ್ಕೋಪಿನ ಅತಿ ಕಡಿಮೆ ಪವರಿನಲ್ಲಿ ಕಾಲೊನಿಯ ಅಂಚು ನೋಡಿ. ಅಂಚಿಗೆ ಒಡೆಯದ ಕಣಗಳಿದ್ದು ಆಚೆ ತಿಳಿಯಾಗಿದ್ದರೆ ಆಲ್ಫಾ ಪ್ರೈಮ್, ನನ್ನ ಆ ಹಳೆಯ ಗುಂಡಿ. ಇನ್ನೊಂದು, ಲೂಪಿನಿಂದ ಒಂದು ಕಾಲೊನಿಯನ್ನು ಬದಿಗೆ ಸರಿಸಿ ಅದರ ಅಡಿ ನೋಡಿ. ಲಿಸ್ಟೀರಿಯಾ ಮೊನೊಸೈಟೋಜೆನೀಸ್ ಎಷ್ಟೋ ಸಲ ತನ್ನ ಅಡಿಯಲ್ಲಷ್ಟೇ ಕಣ ಒಡೆದು ಕೂತಿರುತ್ತದೆ, ಹೊರಗೆ ಉಂಗುರ ಇಣುಕುವುದೇ ಇಲ್ಲ. ಬಿ ಗುಂಪಿನ ಸ್ಟ್ರೆಪ್ ಕೂಡ ಜಿಪುಣ: ಕಾಲೊನಿ ದೊಡ್ಡದು, ಉಂಗುರ ಕಿರಿದು. ಎ ಗುಂಪಿನದು ತದ್ವಿರುದ್ಧ, ಸೂಜಿಮೊನೆಯಷ್ಟು ಕಾಲೊನಿಗೆ ಅಗಲವಾದ ಬಯಲು.

ಹೆಸರಿನ ಬಲೆ

ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದು. ಸ್ಟ್ಯಾಫಿನ ‘ಆಲ್ಫಾ ಟಾಕ್ಸಿನ್’ ಕೊಡುವುದು ‘ಬೀಟಾ ಹೀಮೋಲಿಸಿಸ್’. ಸ್ಟ್ಯಾಫಿನ ‘ಬೀಟಾ ಟಾಕ್ಸಿನ್’ ಕೊಡುವುದು ಮಬ್ಬು ಉಂಗುರ. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್‌ನ ‘ಆಲ್ಫಾ ಟಾಕ್ಸಿನ್’ ರಂಧ್ರ ಕೊರೆಯುವುದೇ ಇಲ್ಲ, ಅದು ಪೊರೆಯ ಲೆಸಿಥಿನ್ ಎಂಬ ಕೊಬ್ಬನ್ನು ಕತ್ತರಿಸುವ ಕಿಣ್ವ. ವಿಷದ ಅಕ್ಷರ ಕಂಡುಹಿಡಿದ ಸರದಿಯ ಗುರುತು, ಉಂಗುರದ ಅಕ್ಷರ ಕಣ್ಣಿಗೆ ಕಂಡದ್ದರ ಗುರುತು. ಎರಡಕ್ಕೂ ನಂಟಿಲ್ಲ.

ನಾಲ್ಕನೆಯ ಹೆಜ್ಜೆ: ವಿಶೇಷ ಉಂಗುರಗಳು

ಗಾಳಿಯಿಲ್ಲದೆ ಬೆಳೆದ ಪ್ಲೇಟಿನಲ್ಲಿ ಒಂದರೊಳಗೊಂದು ಎರಡು ಉಂಗುರ ಕಂಡರೆ ಪರ್ಫ್ರಿಂಜೆನ್ಸ್ ನೆನಪಾಗಬೇಕು. ಒಳಗಿನ ಪೂರ್ತಿ ತಿಳಿ ಉಂಗುರ ಪರ್ಫ್ರಿಂಗೊಲೈಸಿನ್ ಓ ಕೊರೆದದ್ದು. ಹೊರಗಿನ ಅರೆಬರೆ ಉಂಗುರ ಈಗಷ್ಟೇ ಹೇಳಿದ ಆ ಕಿಣ್ವದ್ದು. ರಂಧ್ರ ಕೊರೆಯುವವನೂ ಕತ್ತರಿಸುವವನೂ ಅಕ್ಕಪಕ್ಕ ನಿಂತು ಫೋಟೊ ತೆಗೆಸಿಕೊಂಡ ಹಾಗೆ.

ಸ್ಟ್ಯಾಫಿನ ಬೀಟಾ ಟಾಕ್ಸಿನ್‌ನದು ಬಿಸಿ–ತಣ್ಣನೆಯ ಆಟ. 37 ಡಿಗ್ರಿಯಲ್ಲಿ ಬೆಳೆದಾಗ ಕಾಲೊನಿಯ ಸುತ್ತ ಅಗಲವಾದ ಮಬ್ಬು ವಲಯ ಮಾತ್ರ. ಪ್ಲೇಟನ್ನು 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ಕೆಲವು ಗಂಟೆ ಬಿಟ್ಟು ನೋಡಿ, ಆ ಮಬ್ಬು ತಿಳಿಯಾಗಿರುತ್ತದೆ. ಕೊಬ್ಬು ಕಳೆದುಕೊಂಡ ಪೊರೆ ಬೆಚ್ಚಗಿರುವಷ್ಟು ಹೊತ್ತು ಹೇಗೋ ತಡೆದುಕೊಂಡಿರುತ್ತದೆ, ತಣ್ಣಗಾದಾಗ ಕುಸಿಯುತ್ತದೆ. ಮನುಷ್ಯರಿಂದ ಸಿಗುವ ಬಹುತೇಕ ತಳಿಗಳಲ್ಲಿ ಈ ಟಾಕ್ಸಿನ್ನಿನ ಜೀನ್ ನಡುವೆ ಒಂದು ಬ್ಯಾಕ್ಟೀರಿಯೊಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಬಂದು ಕೂತಿರುವುದರಿಂದ ಇದು ಕಾಣುವುದಿಲ್ಲ. ಹಸುಗಳ ಕೆಚ್ಚಲುಬಾವಿನ ತಳಿಗಳಲ್ಲಿ ಸಾಮಾನ್ಯ.

ಈ ಅರ್ಧಂಬರ್ಧ ಕೆಲಸವನ್ನೇ ಬಳಸಿಕೊಂಡದ್ದು ಕ್ಯಾಂಪ್ ಟೆಸ್ಟ್. ಕ್ರಿಸ್ಟಿ, ಆಟ್ಕಿನ್ಸ್, ಮುಂಚ್-ಪೀಟರ್ಸನ್ 1944ರಲ್ಲಿ ವಿವರಿಸಿದ್ದು, ಹೆಸರು ಅವರ ಮೊದಲಕ್ಷರಗಳದ್ದು. ಮಾಡುವುದು ಸರಳ. ಕುರಿ ರಕ್ತದ ಪ್ಲೇಟಿನ ನಡುವೆ ಬೀಟಾ ಟಾಕ್ಸಿನ್ ಮಾಡುವ ಸ್ಟ್ಯಾಫ್ ತಳಿಯ ಒಂದು ನೇರ ಗೆರೆ ಎಳೆಯಿರಿ. ಪರೀಕ್ಷಿಸಬೇಕಾದ ಸ್ಟ್ರೆಪ್ಪನ್ನು ಅದಕ್ಕೆ ಲಂಬವಾಗಿ ಗೀರಿ, ಮುಟ್ಟಿಸದೆ 3–4 ಮಿಲಿಮೀಟರ್ ಮೊದಲೇ ನಿಲ್ಲಿಸಿ. ಮಾಮೂಲಿ ಗಾಳಿಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಎರಡು ಗೆರೆ ಸಂಧಿಸುವಲ್ಲಿ ಬಾಣದ ತುದಿಯಂಥ ತಿಳಿ ಜಾಗ ಮೂಡಿದ್ದರೆ ಬಿ ಗುಂಪಿನ ಸ್ಟ್ರೆಪ್, ಅಂದರೆ ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಟಿಯೇ. ಸ್ಟ್ಯಾಫ್ ಪೊರೆಯನ್ನು ಸವೆಸಿ ಇಟ್ಟಿರುತ್ತದೆ, ಸ್ಟ್ರೆಪ್‌ನ ಕ್ಯಾಂಪ್ ಪ್ರೋಟೀನ್ ಬಂದು ಕೊನೆಯ ಪೆಟ್ಟು ಕೊಡುತ್ತದೆ. ಪ್ಲೇಟನ್ನು ಇಂಗಾಲದ ಡೈಆಕ್ಸೈಡ್‌ನಲ್ಲಿ ಇಟ್ಟರೆ ಎ ಗುಂಪಿನ ಕೆಲವು ತಳಿಗಳೂ ಬಾಣ ತೋರಿಸಿ ಮೋಸ ಮಾಡುತ್ತವೆ. ‘ಮಾಮೂಲಿ ಗಾಳಿ’ ಎಂದು ನಾನು ಒತ್ತಿ ಹೇಳಿದ್ದು ಅದಕ್ಕೆ.

ಐದನೆಯ ಹೆಜ್ಜೆ: ಯಾರ ರಕ್ತ ಎಂದು ಕೇಳಿ

ರಂಧ್ರ ಕೊರೆಯುವ ವಿಷ ಯಾವ ಪೊರೆಯನ್ನಾದರೂ ಕೊರೆಯುತ್ತದೆ ಅಂದುಕೊಂಡರೆ ತಪ್ಪು. ಅದಕ್ಕೆ ಹಿಡಿದುಕೊಳ್ಳಲು ಒಂದು ಹಿಡಿಕೆ ಬೇಕು. ಸ್ಟ್ಯಾಫ್ ಆಲ್ಫಾ ಟಾಕ್ಸಿನ್ ಹಿಡಿಯುವುದು ಎ.ಡಿ.ಎ.ಎಂ.10 ಎಂಬ ಪ್ರೋಟೀನನ್ನು. ಮೊಲದ ರಕ್ತಕಣ ಅದಕ್ಕೆ ಥಟ್ಟನೆ ಶರಣಾಗುತ್ತದೆ, ಮನುಷ್ಯನ ಕಣ ಅದಕ್ಕಿಂತ ನೂರಾರು ಪಟ್ಟು ಗಟ್ಟಿ. ಗಾರ್ಡ್ನರೆಲ್ಲಾದ ವೆಜೈನೊಲೈಸಿನ್ ಹಿಡಿಯುವುದು ಮನುಷ್ಯರ ಸಿ.ಡಿ.59 ಎಂಬ ಪ್ರೋಟೀನನ್ನು. ಹಾಗಾಗಿ ಮಾನವ ರಕ್ತದ ಪ್ಲೇಟಿನಲ್ಲಿ ಬೀಟಾ ತೋರಿಸುವ ಗಾರ್ಡ್ನರೆಲ್ಲಾ ಕುರಿ ರಕ್ತದ ಮೇಲೆ ಸುಮ್ಮನಿರುತ್ತದೆ. ಎಂಟೆರೊಕಾಕಸ್ ಫೀಕಾಲಿಸ್‌ನ ಸೈಟೊಲೈಸಿನ್ ಕುದುರೆ, ಮೊಲ, ಮನುಷ್ಯರ ಕಣ ಒಡೆಯುತ್ತದೆ, ಕುರಿಯದನ್ನು ಒಡೆಯುವುದಿಲ್ಲ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನ ಕಾನಗಾವಾ ಪರೀಕ್ಷೆಗೆ ಮಾನವ ಅಥವಾ ಮೊಲದ ಕಣಗಳಿರುವ, ಉಪ್ಪು ಹೆಚ್ಚಿರುವ ವಾಗಾತ್ಸುಮಾ ಅಗರ್ ಬೇಕೇ ಬೇಕು.

ಹಾಗಿದ್ದ ಮೇಲೆ ಎಲ್ಲರೂ ಕುರಿಗೇ ಯಾಕೆ ಜೋತುಬಿದ್ದರು? ಕುದುರೆ ರಕ್ತದ ಮೇಲೆ ಹೀಮೊಫಿಲಸ್ ಹೀಮೊಲಿಟಿಕಸ್ ಬೆಳೆದು ಬೀಟಾ ಉಂಗುರ ಬಿಡುತ್ತದೆ, ಗಂಟಲಿನ ಕಲ್ಚರಿನಲ್ಲಿ ಅದನ್ನು ಸ್ಟ್ರೆಪ್ ಅಂದುಕೊಳ್ಳುವುದು ಬಲು ಸುಲಭ. ಕುರಿ ರಕ್ತದಲ್ಲಿರುವ ಕಿಣ್ವವೊಂದು ಹೀಮೊಫಿಲಸ್‌ಗೆ ಬೇಕಾದ ಪೋಷಕವನ್ನು ನಾಶ ಮಾಡುವುದರಿಂದ ಅದು ಅಲ್ಲಿ ಬೆಳೆಯುವುದೇ ಇಲ್ಲ. ತಲೆನೋವು ಬುಡದಲ್ಲೇ ಹೋಯಿತು.

ಈ ಹಿಡಿಕೆಯ ವಿಷಯ ಲ್ಯಾಬಿನ ಇನ್ನೊಂದು ಮೂಲೆಗೂ ಹೋಗಿದೆ. ಏರೊಮೋನಸ್‌ನ ಏರೊಲೈಸಿನ್ ಹಿಡಿಯುವುದು ಪೊರೆಯಲ್ಲಿ ಜಿ.ಪಿ.ಐ. ಎಂಬ ಕೊಬ್ಬಿನ ಲಂಗರು ಹಾಕಿ ನಿಂತ ಪ್ರೋಟೀನುಗಳನ್ನು. ಪಿ.ಎನ್.ಎಚ್. ಎಂಬ ಅಪರೂಪದ ರಕ್ತರೋಗದಲ್ಲಿ ಕಾಣೆಯಾಗುವುದೂ ಅದೇ ಲಂಗರು. ಹಾಗಾಗಿ ಹೊಳೆಯುವ ಬಣ್ಣ ಅಂಟಿಸಿದ, ರಂಧ್ರ ಕೊರೆಯಲಾಗದಂತೆ ಹಲ್ಲು ಕಿತ್ತ ಏರೊಲೈಸಿನ್ನನ್ನು ರೋಗಿಯ ಬಿಳಿ ರಕ್ತಕಣಗಳಿಗೆ ಬೆರೆಸಿ, ಯಾವುವು ಹೊಳೆಯಲಿಲ್ಲ ಎಂದು ಕಣಗಳನ್ನು ಒಂದೊಂದಾಗಿ ನೋಡುವ ಫ್ಲೋ ಸೈಟೊಮೀಟರ್ ಯಂತ್ರದಲ್ಲಿ ಎಣಿಸುತ್ತಾರೆ. ಹೆಸರು ಫ್ಲೇರ್. ವಿಷವೇ ಇಲ್ಲಿ ಪತ್ತೇದಾರ.

ಕೊನೆಗೆ, ಏನು ಬರೆಯಬೇಕು

ಉಂಗುರ ನೋಡಿ ಜೀವಿಯ ಹೆಸರು ಬರೆಯಬೇಡಿ. ಅದು ಮುಂದಿನ ಪರೀಕ್ಷೆ ಯಾವುದೆಂದು ಹೇಳುತ್ತದೆ, ಅಷ್ಟೇ. ಮೊದಲು ಗ್ರಾಮ್ ಸ್ಟೇನ್, ಕ್ಯಾಟಲೇಸ್. ಬೀಟಾ ಸ್ಟ್ರೆಪ್ ಆದರೆ ಪಿ.ವೈ.ಆರ್., ಬ್ಯಾಸಿಟ್ರಾಸಿನ್, ಕ್ಯಾಂಪ್ ಅಥವಾ ಲ್ಯಾಟೆಕ್ಸ್ ಗ್ರೂಪಿಂಗ್. ಆಲ್ಫಾ ಆದರೆ 5 ಮೈಕ್ರೊಗ್ರಾಮಿನ ಆಪ್ಟೊಚಿನ್ ಡಿಸ್ಕ್: 6 ಮಿಲಿಮೀಟರ್ ಡಿಸ್ಕಿನ ಸುತ್ತ ಏನೂ ಬೆಳೆಯದ ಜಾಗದ ಅಡ್ಡಳತೆ, ಡಿಸ್ಕೂ ಸೇರಿ, 14 ಮಿಲಿಮೀಟರ್ ಅಥವಾ ಹೆಚ್ಚು ಬಂದರೆ ನ್ಯುಮೊಕಾಕಸ್, ಕಡಿಮೆಯಾದರೆ ಬೈಲ್ (ಪಿತ್ತ) ಲವಣದಲ್ಲಿ ಬ್ಯಾಕ್ಟೀರಿಯಾ ಕರಗುತ್ತದೆಯೇ ನೋಡಿ ತೀರ್ಮಾನಿಸಿ. ಉಂಗುರವಿಲ್ಲ ಎಂದರೆ ಅಪಾಯವಿಲ್ಲ ಎಂದೂ ಅಲ್ಲ. ಆಂಥ್ರಾಕ್ಸ್ ಬ್ಯಾಸಿಲಸ್ ಕುರಿ ರಕ್ತದ ಮೇಲೆ ಉಂಗುರ ಬಿಡುವುದಿಲ್ಲ.

ರಿಜಿಸ್ಟರಿನಲ್ಲಿ ನಾನು ಈಗ ಬರೆಯುವ ಸಾಲು ಹೀಗಿರುತ್ತದೆ: ‘ಕುರಿ ರಕ್ತ 5%, ಮಾಮೂಲಿ ಗಾಳಿ, 20 ಗಂಟೆ, ಮೇಲ್ಮೈಯಲ್ಲಿ ಕಿರಿದಾದ ಬೀಟಾ, ಚುಚ್ಚಿನಲ್ಲಿ ಸ್ಪಷ್ಟ, ಅಂಚು ಮೈಕ್ರೊಸ್ಕೋಪಿನಲ್ಲಿ ನೋಡಿದೆ.’ ಬರೆಯಲು ಅರ್ಧ ನಿಮಿಷ ಹೆಚ್ಚು ಬೇಕು. ರಿಪೋರ್ಟಿಗೆ ಸಹಿ ಬೀಳುವವರೆಗೆ ಪ್ಲೇಟನ್ನು ಆಟೊಕ್ಲೇವಿಗೆ ಹಾಕದೆ ಫ್ರಿಜ್ಜಿನಲ್ಲಿಟ್ಟಿರಿ. ನಿನ್ನೆ ಮಬ್ಬಾಗಿದ್ದ ಉಂಗುರ ಇವತ್ತು ತಿಳಿಯಾಗಿರಲೂಬಹುದು.